ಹೊಸ ಬಸದಿಯ ಡ್ರ್ಯಾಗನ್

ಬೆಂಗಳೂರಿನವರ ಧರ್ಮಸ್ಥಳ ಟ್ರಿಪ್ಪಿಗೆ ಒಂದು ರೆಡಿ ಟೆಂಪ್ಲೇಟ್ ಉಂಟು. ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಿಂದ ಬಸ್ಸು, ಘಾಟಿಯ ತಿರುವುಗಳಲ್ಲಿ ಅರ್ಧಂಬರ್ಧ ನಿದ್ದೆ, ಬೆಳಿಗ್ಗೆ ನೇತ್ರಾವತಿಯಲ್ಲಿ ಮೂರು ಮುಳುಗು, ಕ್ಯೂ, ದರ್ಶನ, ಅನ್ನಪೂರ್ಣದಲ್ಲಿ ಊಟ. ಮಧ್ಯಾಹ್ನದ ಮೇಲೆ ಕುಕ್ಕೆ ಸುಬ್ರಹ್ಮಣ್ಯ. ಭಾನುವಾರ ಬೆಳಿಗ್ಗೆ ಮನೆ, ಸೋಮವಾರ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಹಣೆಯ ಮೇಲೆ ಇನ್ನೂ ಸ್ವಲ್ಪ ಕುಂಕುಮ.

ನಾನು ಬೆಳ್ತಂಗಡಿ ತಾಲೂಕಿನ ಹಳ್ಳಿಯವನು. ಹಾಗಾಗಿ ಆಫೀಸಿನಲ್ಲಿ ಯಾರೇ ಧರ್ಮಸ್ಥಳಕ್ಕೆ ಹೊರಟರೂ ನನ್ನ ಡೆಸ್ಕಿಗೆ ಒಂದು ಸಲ ಬಂದು ಹೋಗುತ್ತಾರೆ. ರೂಮು ಸಿಗುತ್ತಾ, ಮಳೆ ಉಂಟಾ, ಪಂಚೆ ಬೇಕೇ ಬೇಕಾ ಇತ್ಯಾದಿ. ಎಲ್ಲದಕ್ಕೂ ಉತ್ತರ ಕೊಟ್ಟು ಕೊನೆಗೆ ನಾನೊಂದು ಮಾತು ಸೇರಿಸುತ್ತೇನೆ. “ಅರ್ಧ ದಿನ ಹೆಚ್ಚಿಗೆ ಇದ್ದರೆ ಮೂಡುಬಿದಿರೆಗೆ ಹೋಗಿ. ಅಲ್ಲೊಂದು ಡ್ರ್ಯಾಗನ್ ಉಂಟು.”

“ಡ್ರ್ಯಾಗನ್ನಾ? ಯಾವ್ದಾದ್ರೂ ವಾಟರ್ ಪಾರ್ಕಲ್ಲಾ?”

“ಅಲ್ಲ, ಬಸದಿಯಲ್ಲಿ.”

ಇಷ್ಟು ಹೇಳಿದರೆ ನೂರಕ್ಕೆ ತೊಂಬತ್ತು ಮಂದಿ ನಕ್ಕು ಕುಕ್ಕೆಗೇ ಹೋಗುತ್ತಾರೆ. ಉಳಿದ ಹತ್ತು ಮಂದಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಡ್ರ್ಯಾಗನ್ನಿಗೆ ಬರುವ ಮೊದಲು ಧರ್ಮಸ್ಥಳದ್ದೇ ಸ್ವಲ್ಪ ಹೇಳಬೇಕು. ದಿನಾ ಸಾವಿರಾರು ಜನ ಬಂದು ಹೋಗುವ ಆ ಕ್ಷೇತ್ರದ ಒಳಗಿನ ಏರ್ಪಾಡು ಎಷ್ಟು ವಿಚಿತ್ರ ಎಂದು ಕ್ಯೂನಲ್ಲಿ ನಿಂತವರಿಗೆ ಹೊಳೆಯುವುದಿಲ್ಲ. ದೇವರು ಶಿವ. ಪೂಜೆ ಮಾಡುವವರು ಮಾಧ್ವ ವೈಷ್ಣವರು. ಆಡಳಿತ ನಡೆಸುವುದು ಜೈನ ಹೆಗ್ಗಡೆ ಮನೆತನ. ಇವರೆಲ್ಲರಿಗಿಂತ ಮೊದಲು ಬಂದವರು ದೈವಗಳು. ಕ್ಷೇತ್ರದ ಐತಿಹ್ಯ ಹೇಳುವುದೂ ಹಾಗೆಯೇ. ಕುಡುಮ ಎಂಬ ಊರು, ನೆಲ್ಯಾಡಿ ಬೀಡು ಎಂಬ ಮನೆ, ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ಎಂಬ ಜೈನ ದಂಪತಿ. ಅವರ ಮನೆಗೆ ಅತಿಥಿಗಳ ರೂಪದಲ್ಲಿ ಬಂದ ದೈವಗಳು ಸತ್ಕಾರಕ್ಕೆ ಮೆಚ್ಚಿ, “ಈ ಮನೆ ನಮಗೆ ಬಿಟ್ಟು ಕೊಡಿ” ಎಂದವಂತೆ. ಅವರು ಬಿಟ್ಟುಕೊಟ್ಟರು. ಕಾಳರಾಹು, ಕಾಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಎಂಬ ನಾಲ್ಕು ದೈವಗಳು ನೆಲೆಯಾದವು. ಆಮೇಲೆ ಕದ್ರಿಯಿಂದ ಲಿಂಗ ತಂದವನು ಅಣ್ಣಪ್ಪ. 16ನೇ ಶತಮಾನದಲ್ಲಿ ಸೋದೆಯ ವಾದಿರಾಜರು ಬಂದು ಆ ಲಿಂಗಕ್ಕೆ ಶಾಸ್ತ್ರೋಕ್ತ ಪ್ರತಿಷ್ಠೆ ಮಾಡಿದರು, ಕುಡುಮ ಧರ್ಮಸ್ಥಳವಾಯಿತು. 1982ರಲ್ಲಿ ಗುಡ್ಡದ ಮೇಲೆ 39 ಅಡಿಯ ಬಾಹುಬಲಿಗೂ ಮಹಾಮಸ್ತಕಾಭಿಷೇಕ ಆಯಿತು.

ಅಂದರೆ ಒಂದರ ಮೇಲೊಂದು ಪದರ. ಹೊಸದು ಬಂತೆಂದು ಹಳೆಯದನ್ನು ಯಾರೂ ಡಿಲೀಟ್ ಮಾಡಲಿಲ್ಲ. ನಮ್ಮ ಫೀಲ್ಡಿನಲ್ಲಿ ಇಂಥ ಸಿಸ್ಟಮ್ಮನ್ನು ಲೆಗಸಿ ಎಂದು ಬೈಯುತ್ತೇವೆ. ಅಲ್ಲಿ ಅದು ಪ್ರತಿ ದಿನ ಸಾವಿರಾರು ಜನರಿಗೆ ಊಟ ಹಾಕಿಕೊಂಡು ಆರಾಮಾಗಿ ನಡೆಯುತ್ತಿದೆ.

ಲಿಂಗ ಬಂತೆನ್ನುವ ಮಂಗಳೂರಿನ ಕದ್ರಿಗೆ ಹೋದರೆ ಇನ್ನೂ ಎರಡು ಪದರ ಕಾಣುತ್ತದೆ. ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿ ಉಂಟು. ಆಳುಪ ಅರಸ ಕುಂದವರ್ಮ 968ರಲ್ಲಿ ಅದನ್ನು ಕದಿರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿದ ಎಂದು ಪೀಠದ ಶಾಸನವೇ ಹೇಳುತ್ತದೆ. ವಿಹಾರ ಎಂಬ ಮಾತು ಬೌದ್ಧರದ್ದು, ಲೋಕೇಶ್ವರ ಎಂಬ ಹೆಸರೂ ಬೌದ್ಧರದ್ದು. ಪಕ್ಕದ ಗುಡ್ಡದಲ್ಲಿ ನಾಥ ಪಂಥದ ಜೋಗಿ ಮಠ. ಮಂಜುನಾಥ ಎಂಬ ಹೆಸರೂ ಬೌದ್ಧರ ಮಂಜುಶ್ರೀಯ ನೆನಪೇ ಇರಬೇಕೆಂದು ವಾದಿಸುವ ವಿದ್ವಾಂಸರಿದ್ದಾರೆ. ಆ ಮಂಜುಶ್ರೀಗೆ ಚೀನಾದಲ್ಲಿ ವುತಾಯ್ ಎಂಬ ಪರ್ವತವೇ ಮನೆ. ವಾದವನ್ನು ಒಪ್ಪಿ, ಬಿಡಿ. ಚೀನಾ ಎಂಬುದು ನಮ್ಮೂರಿಗೆ ನಾವು ಅಂದುಕೊಂಡಷ್ಟು ದೂರ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಮೂಡುಬಿದಿರೆಯಲ್ಲಿ ಕಲ್ಲಿನಲ್ಲೇ ಉಂಟು.

ಧರ್ಮಸ್ಥಳದಿಂದ ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ಅಲ್ಲಿಂದ ಬಲಕ್ಕೆ ತಿರುಗಿ ವೇಣೂರು. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಬಾಹುಬಲಿಯನ್ನು ನೋಡಿಕೊಂಡು ಮುಂದೆ ಹೋದರೆ ಮೂಡುಬಿದಿರೆ. ಒಟ್ಟು ಒಂದೂವರೆ ಗಂಟೆ. ಬಿದಿರು ಬೆಳೆದ ಜಾಗ ಬಿದಿರೆ, ಮೂಡಣ ದಿಕ್ಕಿನದ್ದು ಮೂಡುಬಿದಿರೆ. ಜೈನ ಕಾಶಿ ಎಂದೂ ಕರೆಯುತ್ತಾರೆ. ಒಂದು ಸಣ್ಣ ಪೇಟೆಯಲ್ಲಿ ಹದಿನೆಂಟು ಬಸದಿ. ಅವುಗಳ ಹೆಸರು ಓದಿದರೆ ಊರಿನ ಚರಿತ್ರೆ ಅರ್ಧ ಗೊತ್ತಾಗುತ್ತದೆ: ವಿಕ್ರಮ ಶೆಟ್ಟಿ ಬಸದಿ, ದೇರಮ ಶೆಟ್ಟಿ ಬಸದಿ, ಕೋಟಿ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ. ವ್ಯಾಪಾರ ಮಾಡಿದವರು ಗಳಿಸಿದ್ದನ್ನು ಕಲ್ಲಾಗಿ ಮಾಡಿ ಬಿಟ್ಟು ಹೋದ ಊರು ಇದು.

ಇವುಗಳಲ್ಲಿ ದೊಡ್ಡದು ಸಾವಿರ ಕಂಬದ ಬಸದಿ. ಶಾಸ್ತ್ರದ ಹೆಸರು ತ್ರಿಭುವನ ತಿಲಕ ಚೂಡಾಮಣಿ. ಊರಿನವರು ಕರೆಯುವುದು ‘ಹೊಸ ಬಸದಿ’. ಹೊಸತು ಎಂದರೆ 1430ರದ್ದು! ಏಕೆಂದರೆ ಅದೇ ಬೀದಿಯಲ್ಲಿ ಅದಕ್ಕಿಂತ ಬಹಳ ಹಳೆಯ ಗುರು ಬಸದಿ ಉಂಟು, ಅದು ‘ಹಳೆ ಬಸದಿ’. ಆರುನೂರು ವರ್ಷ ಹತ್ತಿರ ಬಂದರೂ ಹೊಸತು ಎನ್ನಿಸಿಕೊಳ್ಳುವ ಕಟ್ಟಡದ ಮುಂದೆ ನಿಂತಾಗ, ಮೂರು ವರ್ಷದ ಕೋಡನ್ನು ಹಳತಾಯಿತೆಂದು ಬಿಸಾಡುವ ನನ್ನಂಥವನಿಗೆ ಸ್ವಲ್ಪ ಗಂಭೀರವಾಗುತ್ತದೆ.

ವಿಜಯನಗರದಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ ಕಾಲ ಅದು. ಕಟ್ಟಿಸಿದವನ ಹೆಸರೂ ದೇವರಾಯನೇ, ಇಲ್ಲಿನ ದೇವರಾಯ ಒಡೆಯ. ಒಳಗೆ ಎಂಟನೆಯ ತೀರ್ಥಂಕರ ಚಂದ್ರನಾಥ ಸ್ವಾಮಿಯ ಎಂಟು ಅಡಿ ಎತ್ತರದ ಪಂಚಲೋಹದ ಮೂರ್ತಿ. ಹೊರಗೆ ಕಾರ್ಕಳದ ಭೈರರಸರ ರಾಣಿ ನಾಗಲದೇವಿ ನಿಲ್ಲಿಸಿದ, ಸುಮಾರು 50 ಅಡಿಯ ಏಕಶಿಲೆಯ ಮಾನಸ್ತಂಭ. ಮೂರು ಅಂತಸ್ತಿನ ಕಟ್ಟಡ. ಕೆಳಗಿನದ್ದು ಕಲ್ಲು, ಮೇಲಿನೆರಡು ಮರ. ಮಾಡು ಇಳಿಜಾರು. ಸಣ್ಣದು ದೊಡ್ಡದು ಎಲ್ಲ ಸೇರಿಸಿ ಸಾವಿರ ಕಂಬ ಎನ್ನುತ್ತಾರೆ. ಕುಳಿತು ನಾನು ಎಣಿಸಿಲ್ಲ. ಆದರೆ ಮಂಟಪದಲ್ಲಿ ಒಂದು ಕಂಬದ ಕೆತ್ತನೆ ನೋಡಿ ಪಕ್ಕದ್ದಕ್ಕೆ ಹೋದರೆ ಅದು ಬೇರೆಯೇ ಇರುತ್ತದೆ. ಕಾಪಿ ಪೇಸ್ಟ್ ಮಾಡದ ಜನ.

ಜೇಮ್ಸ್ ಫರ್ಗ್ಯುಸನ್ ಎಂಬ ಬ್ರಿಟಿಷ್ ವಿದ್ವಾಂಸ 1876ರಲ್ಲಿ ಭಾರತದ ವಾಸ್ತುಶಿಲ್ಪದ ಬಗ್ಗೆ ದೊಡ್ಡ ಪುಸ್ತಕ ಬರೆದ. ಮೂಡುಬಿದಿರೆಯ ಬಸದಿಗಳ ಹತ್ತಿರ ಬಂದಾಗ ಅವನ ಲೆಕ್ಕ ತಪ್ಪಿತು. ಇವು ದ್ರಾವಿಡ ಶೈಲಿಯಲ್ಲೂ ಕೂರುವುದಿಲ್ಲ, ಉತ್ತರದ ಶೈಲಿಯಲ್ಲೂ ಕೂರುವುದಿಲ್ಲ. ಇಂಥ ಮಾಡುಗಳನ್ನು ಕಂಡದ್ದು ನೇಪಾಳದಲ್ಲಿ ಮಾತ್ರ ಎಂದು ಬರೆದ. ಪೇಟೆಯಿಂದ ಸ್ವಲ್ಪ ದೂರದ ಕೊಡಂಗಲ್ಲಿನಲ್ಲಿ ಜೈನ ಗುರುಗಳ ನಿಷಿಧಿಗಳಿವೆ. ಕಲ್ಲಿನ ಅಂತಸ್ತಿನ ಮೇಲೆ ಅಂತಸ್ತು, ಪ್ರತಿ ಅಂತಸ್ತಿಗೂ ಹೊರಚಾಚಿದ ಇಳಿಮಾಡು, ಮೇಲೆ ಹೋದ ಹಾಗೆ ಕಿರಿದಾಗುತ್ತದೆ. ಫೋಟೋ ತೆಗೆದು ಹೆಸರು ಹೇಳದೆ ಯಾರಿಗಾದರೂ ಕಳಿಸಿ ನೋಡಿ. ಪಗೋಡಾ ಎನ್ನುತ್ತಾರೆ, ಯಾವ ದೇಶದ್ದು ಎಂದು ಕೇಳುತ್ತಾರೆ.

ನೇಪಾಳ ಇಲ್ಲಿಗೆ ಹೇಗೆ ಬಂತೆಂದು ತಲೆ ಕೆಡಿಸಿಕೊಳ್ಳುವ ಮೊದಲು ಜುಲೈಯಲ್ಲಿ ಒಂದು ವಾರ ನಮ್ಮ ಕಡೆ ಬಂದು ಕುಳಿತುಕೊಳ್ಳಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಾಗ. ಚಪ್ಪಟೆ ಮಾಡು ಇಟ್ಟರೆ ದೇವರ ತಲೆಯ ಮೇಲೇ ಅಭಿಷೇಕ. ನಮ್ಮ ಮನೆಯ ಮಾಡೂ ಇಳಿಜಾರು, ಕೊಟ್ಟಿಗೆಯ ಮಾಡೂ ಇಳಿಜಾರು, ದೈವದ ಗುಡಿಯದ್ದೂ ಇಳಿಜಾರು. ಶಿಲ್ಪಿಗಳು ಊರಿನ ಬಡಗಿ ಮರದಲ್ಲಿ ಮಾಡಿದ್ದನ್ನು ಕಲ್ಲಿನಲ್ಲಿಯೂ ಮಾಡಿದರು. ಒಂದೇ ಥರದ ತೊಂದರೆ ಇರುವ ಇಬ್ಬರು ಒಬ್ಬರನ್ನೊಬ್ಬರು ಕೇಳದೆಯೂ ಒಂದೇ ಥರದ ಪರಿಹಾರ ಹುಡುಕುತ್ತಾರೆ. ಇದು ಸಾಫ್ಟ್‌ವೇರಿನವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಹಾಗೆಂದು ಎಲ್ಲವನ್ನೂ ಮಳೆಯ ಲೆಕ್ಕಕ್ಕೆ ಹಾಕಲಿಕ್ಕೆ ಆಗುವುದಿಲ್ಲ. ಹೊಸ ಬಸದಿಯ ಮುಂಭಾಗಕ್ಕೆ 15ನೇ ಶತಮಾನದ ನಡುವಿನಲ್ಲಿ ಸೇರಿಸಿದ ಭೈರಾದೇವಿ ಮಂಟಪ ಉಂಟು. ಅದರ ಜಗಲಿಯ ಕೆಳಗೆ ಸುತ್ತ ಉಬ್ಬುಶಿಲ್ಪಗಳ ಸಾಲು. ಆನೆ, ಕುದುರೆ, ಕುಣಿಯುವವರು. ಅವುಗಳ ನಡುವೆ ಉದ್ದ ಕತ್ತಿನ ಜಿರಾಫೆ. ಮತ್ತೆ ಒಂದು ಡ್ರ್ಯಾಗನ್, ಚೀನಾದ ಡ್ರ್ಯಾಗನ್. ನಮ್ಮ ದೇವಸ್ಥಾನಗಳ ಯಾಳಿಗೆ ಸಿಂಹದ ಮೈ, ಮಕರಕ್ಕೆ ಮೊಸಳೆಯ ಬಾಯಿ. ಇದು ಬಳುಕುವ ಉದ್ದ ಮೈಯ ಬೇರೆಯೇ ಜಾತಿ. ಕಂಬಗಳನ್ನು ನೋಡುತ್ತಾ ಕತ್ತೆತ್ತಿಕೊಂಡು ನಡೆಯುವವರಿಗೆ ಇದು ಕಾಣುವುದಿಲ್ಲ. ಬಗ್ಗಬೇಕು.

ಜಿರಾಫೆ ಆಫ್ರಿಕಾದ್ದು. ಡ್ರ್ಯಾಗನ್ ಚೀನಾದ್ದು. ಕಡಲಿಂದ ಒಳಗೆ, ಘಟ್ಟದ ಬುಡದ ಊರಿನಲ್ಲಿ ಇವೆರಡೂ ಒಟ್ಟಿಗೆ ಎಂತ ಮಾಡುತ್ತಿವೆ?

ಇದಕ್ಕೆ ಉತ್ತರ ಹುಡುಕಲು ಆ ಕಾಲದ ಕಡಲನ್ನು ನೋಡಬೇಕು. 1340ರ ದಶಕದಲ್ಲಿ ಇಬ್ನ್ ಬತೂತಾ ಮಂಗಳೂರಿಗೆ ಬಂದಾಗ ಪರ್ಷಿಯಾ ಮತ್ತು ಯೆಮೆನ್‌ನ ವರ್ತಕರು ಇಲ್ಲಿ ಒಳ್ಳೆಮೆಣಸು, ಶುಂಠಿ ಕೊಳ್ಳುತ್ತಿದ್ದರು. ಚೀನಾದ ದೊಡ್ಡ ಹಡಗುಗಳು ಬರುವ ಬಂದರುಗಳ ಹೆಸರನ್ನೂ ಅವನು ಬರೆದಿಟ್ಟಿದ್ದಾನೆ: ಕೊಲ್ಲಂ, ಕಲ್ಲಿಕೋಟೆ, ಹೀಲಿ. ಹೀಲಿ ಎಂದರೆ ಈಗಿನ ಏಳಿಮಲ, ಕಾಸರಗೋಡು ದಾಟಿ ಸ್ವಲ್ಪ ದಕ್ಷಿಣಕ್ಕೆ. ರೈಲಿನಲ್ಲಿ ಕೇರಳಕ್ಕೆ ಹೋಗುವಾಗ ಬಲಗಡೆ ಕಾಣುವ ಗುಡ್ಡ.

ಆಮೇಲೆ ಬಂದವನು ಚೆಂಗ್ ಹೆ. 1405ರಿಂದ 1433ರ ನಡುವೆ ಏಳು ಸಲ ಚೀನಾದಿಂದ ಹಡಗುಗಳ ದೊಡ್ಡ ದಂಡು ಕಟ್ಟಿಕೊಂಡು ಹಿಂದೂ ಮಹಾಸಾಗರಕ್ಕೆ ಬಂದ. ಕಲ್ಲಿಕೋಟೆ ಅವನ ಮುಖ್ಯ ನಿಲ್ದಾಣ. ಜೊತೆಗಿದ್ದ ದುಭಾಷಿ ಮಾ ಹುವಾನ್ ಕಲ್ಲಿಕೋಟೆಯ ವ್ಯಾಪಾರವನ್ನು ವಿವರವಾಗಿ ಬರೆದಿದ್ದಾನೆ. ಅವನಿಗೆ ಆಶ್ಚರ್ಯವಾದ ಒಂದು ಸಂಗತಿ: ಇಲ್ಲಿನವರು ಮಣಿಚೌಕಟ್ಟು ಇಲ್ಲದೆ ಕೈಕಾಲಿನ ಬೆರಳುಗಳಲ್ಲೇ ಲೆಕ್ಕ ಹಾಕುತ್ತಾರೆ, ಒಂದು ಕೂದಲಷ್ಟೂ ತಪ್ಪುವುದಿಲ್ಲ. ನನ್ನ ಅಜ್ಜ ಮಂಡಿಯಲ್ಲಿ ಅಡಿಕೆಯ ಲೆಕ್ಕ ಹಾಕುತ್ತಿದ್ದದ್ದನ್ನು ನೋಡಿದ್ದೇನೆ. ನನಗೆ ಆಶ್ಚರ್ಯವಾಗಲಿಲ್ಲ.

ಚೆಂಗ್ ಹೆಯನ್ನು ಕಳಿಸಿದವನು ಯೋಂಗ್ಲೆ ಎಂಬ ಚಕ್ರವರ್ತಿ. ಅವನಿಗೆ 1414ರಲ್ಲಿ ಬಂಗಾಳದ ಸುಲ್ತಾನ ಒಂದು ಜಿರಾಫೆಯನ್ನು ಕಾಣಿಕೆಯಾಗಿ ಕಳಿಸಿದ. ಮರುವರ್ಷ ಆಫ್ರಿಕಾದ ಮಾಲಿಂದಿಯಿಂದ ಇನ್ನೊಂದು ಬಂತು. ಚೀನಾದವರು ಅದನ್ನು ‘ಚಿಲಿನ್’ ಎಂಬ ತಮ್ಮ ಪುರಾಣದ ಮಂಗಳ ಪ್ರಾಣಿ ಎಂದು ಸಂಭ್ರಮಿಸಿದರು. ಧರ್ಮಿಷ್ಠ ಅರಸ ಆಳುವಾಗ ಮಾತ್ರ ಚಿಲಿನ್ ಕಾಣಿಸಿಕೊಳ್ಳುತ್ತದೆ ಎಂಬ ನಂಬಿಕೆ. ಅಣ್ಣನ ಮಗನ ಸಿಂಹಾಸನ ಕಸಿದುಕೊಂಡು ಕುಳಿತಿದ್ದ ಯೋಂಗ್ಲೆಗೆ ಇಂಥ ಸರ್ಟಿಫಿಕೇಟು ಬೇಕಾಗಿಯೂ ಇತ್ತು. ಆಫ್ರಿಕಾದಿಂದ ಚೀನಾದವರೆಗೆ ಜಿರಾಫೆಗಳು ಹಡಗಿನಲ್ಲಿ ಓಡಾಡಿದ್ದು ಯಾವಾಗ ಎಂದು ನೋಡಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಮೂಡುಬಿದಿರೆಯಲ್ಲಿ ಬಸದಿಯ ಕೆಲಸ ಆಗಿತ್ತು.

ಇದೇ ಯೋಂಗ್ಲೆ ಇನ್ನೊಂದು ಕೆಲಸ ಮಾಡಿದ. ಮಧ್ಯ ಚೀನಾದ ವುದಾಂಗ್ ಪರ್ವತದಲ್ಲಿ ತಾವೊ ಧರ್ಮದ ದೇವಾಲಯಗಳ ಒಂದು ಸರಣಿಯನ್ನೇ ಕಟ್ಟಿಸಿದ. ತುತ್ತತುದಿಯಲ್ಲಿ ಚಿನ್ನದ ಮುಲಾಮಿನ ಕಂಚಿನ ಗುಡಿ, 1416ರದ್ದು. ಬಿಡಿಭಾಗಗಳನ್ನು ಬೀಜಿಂಗಿನಲ್ಲಿ ಎರಕ ಹೊಯ್ದು, ನೀರಿನ ದಾರಿಯಲ್ಲಿ ತಂದು, ಬೆಟ್ಟ ಹತ್ತಿಸಿ ಜೋಡಿಸಿದ್ದು. ಮಾಡು, ತೊಲೆ, ಹಂಚು ಎಲ್ಲ ಮರದ ಕಟ್ಟಡದ ಹಾಗೆಯೇ, ಆದರೆ ಲೋಹದಲ್ಲಿ. ನಮ್ಮವರು ಮರದ ರೂಪವನ್ನು ಕಲ್ಲಿಗೆ ಇಳಿಸಿದರು, ಅವರು ಕಂಚಿಗೆ. ಅದೇ ಬೆಟ್ಟದ ಇನ್ನೊಂದು ದೇವಾಲಯದಲ್ಲಿ ಪ್ರಪಾತದ ಕಡೆಗೆ ಚಾಚಿಕೊಂಡ ಕಲ್ಲಿನ ತೊಲೆ ಉಂಟು, ತುದಿಗೆ ಡ್ರ್ಯಾಗನ್ ತಲೆ. ಭಕ್ತರು ಅದರ ಮೇಲೆ ನಡೆದು ಹೋಗಿ ಊದುಬತ್ತಿ ಹಚ್ಚುತ್ತಿದ್ದರಂತೆ. ಬಿದ್ದವರ ಸಂಖ್ಯೆ ಹೆಚ್ಚಾಗಿ ಕೊನೆಗೆ ನಿಷೇಧ ಬಂತು.

ಚೆಂಗ್ ಹೆಯದ್ದು ಮುಸ್ಲಿಂ ಮನೆತನ. ಹಡಗು ಬಿಡುವ ಮುಂಚೆ ಅವನು ಕಾಣಿಕೆ ಕೊಟ್ಟು ನಮಸ್ಕರಿಸುತ್ತಿದ್ದದ್ದು ಕಡಲ ದೇವಿ ತಿಯಾನ್‌ಫೆಯ್‌ಗೆ. ತಾವೊ ಪಂಥದವರು ತಮ್ಮವಳೆಂದು ಪೂಜಿಸುವ ದೇವಿ ಆಕೆ. ಶ್ರೀಲಂಕಾದ ಗಾಲೆಯಲ್ಲಿ ಅವನ ಒಂದು ಶಿಲಾಶಾಸನ ಸಿಕ್ಕಿದೆ, ಅದರ ತಾರೀಕು 1409. ಒಂದೇ ಕಲ್ಲಿನಲ್ಲಿ ಮೂರು ಭಾಷೆ: ಚೀನೀ ಭಾಷೆಯಲ್ಲಿ ಬುದ್ಧನಿಗೆ ಕಾಣಿಕೆಯ ಪಟ್ಟಿ, ತಮಿಳಿನಲ್ಲಿ ವಿಷ್ಣುವಿಗೆ, ಪರ್ಷಿಯನ್ನಿನಲ್ಲಿ ಅಲ್ಲಾಹನಿಗೆ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಧರ್ಮಸ್ಥಳವೇ. ವ್ಯಾಪಾರಕ್ಕೋ ಹರಕೆಗೋ ಎಲ್ಲರೂ ಬಂದು ಹೋಗುವ ಜಾಗದಲ್ಲಿ ಜನ ಹೀಗೇ ಇರಬೇಕಾಗುತ್ತದೆ ಎಂದು ಕಾಣುತ್ತದೆ.

ಮೂಡುಬಿದಿರೆಯ ಶಿಲ್ಪಿ ಡ್ರ್ಯಾಗನ್ ಕೆತ್ತಲು ಚೀನಾಕ್ಕೆ ಹೋಗಬೇಕಾಗಿರಲಿಲ್ಲ. ರೇಷ್ಮೆಯ ಮೇಲೆ, ಪಿಂಗಾಣಿಯ ಮೇಲೆ ಆ ಮೃಗ ತಾನಾಗಿಯೇ ಊರೂರು ಸುತ್ತುತ್ತಿತ್ತು. ಆ ಸಾಮಾನು ಇಲ್ಲಿಗೆ ಬಂದದ್ದು ಇಲ್ಲಿಂದ ಹೋದ ಮೆಣಸಿಗೆ ಬದಲಾಗಿ. ಆ ಮೆಣಸಿನ ಬಳ್ಳಿ ಈಗಲೂ ನಮ್ಮ ತೋಟದ ಅಡಿಕೆ ಮರಗಳಿಗೆ ಹಬ್ಬಿಕೊಂಡು ಉಂಟು. ಅಂಗಳದಲ್ಲಿ ಒಣಗಲು ಹಾಕಿದ ಒಳ್ಳೆಮೆಣಸನ್ನು ಕಾಲಿನಿಂದ ಎಳೆದು ಮಗುಚುವುದು ಶಾಲೆಯ ದಿನಗಳಲ್ಲಿ ನನ್ನ ಕೆಲಸ. ಹಿಮ್ಮಡಿ ಉರಿಯುತ್ತಿತ್ತು. ಸಾವಿರ ಕಂಬ ಎದ್ದು ನಿಂತದ್ದು ಇಂಥ ಕಾಳುಗಳ ಮೇಲೆ ಎಂದು ಆಗ ಯಾರೂ ಹೇಳಲಿಲ್ಲ.

ಇಷ್ಟೆಲ್ಲ ನಾನು ಯಾಕೆ ಓದಿದೆ ಎಂದರೆ, ಅದಕ್ಕೊಂದು ಮನೆಯ ಕಾರಣ ಉಂಟು.

ನನ್ನ ಹೆಂಡತಿ ಇಂಫಾಲಿನವಳು, ಮೈತೇಯಿ. ನಾವಿಬ್ಬರೂ ಒಂದೇ ಕಂಪನಿಯಲ್ಲಿದ್ದೆವು. ಬೆಂಗಳೂರಿನಲ್ಲಿ ಅವಳನ್ನು ಎಷ್ಟು ಜನ ಎಷ್ಟು ಸಲ ‘ಚೀನಾ’ ಎಂದು ಕರೆದಿದ್ದಾರೆ ಎಂಬ ಲೆಕ್ಕವನ್ನು ಅವಳು ಎಂದೋ ಬಿಟ್ಟಿದ್ದಾಳೆ. ಆಟೋದವರು, ಅಂಗಡಿಯವರು, ಗೇಟಿನ ಹತ್ತಿರ ಆಡುವ ಮಕ್ಕಳು. 2020ರ ಮಾರ್ಚಿನಲ್ಲಿ ‘ಕೊರೊನಾ’ ಎಂದೂ ಕೂಗಿದರು. ಮನೆ ಹುಡುಕುವಾಗ ಒಬ್ಬ ಓನರ್ ಫೋನಿನಲ್ಲಿ ನನ್ನ ಹೆಸರು ಕೇಳಿ ಖುಷಿಯಿಂದ ಅಡ್ವಾನ್ಸ್ ಮಾತಾಡಿ, ಮರುದಿನ ನಮ್ಮಿಬ್ಬರನ್ನೂ ನೋಡಿ, “ಮನೆ ನಮ್ಮ ಅಳಿಯನಿಗೆ ಬೇಕಂತೆ” ಎಂದರು. ಆ ಅಳಿಯ ಇನ್ನೂ ಬಂದಿಲ್ಲ, ಟು-ಲೆಟ್ ಬೋರ್ಡು ಎರಡು ತಿಂಗಳು ಅಲ್ಲೇ ನೇತಾಡುತ್ತಿತ್ತು.

ನಮ್ಮ ಊರಿನಲ್ಲಿ ಯಾರೂ ಹಾಗೆ ಮುಖಕ್ಕೆ ಹೇಳಲಿಲ್ಲ. ಊರಿನವರ ಕ್ರಮ ಬೇರೆ. ಮದುವೆಯಾದ ಮೊದಲ ವರ್ಷ ಎಲ್ಲರೂ ಅವಳನ್ನು ಚೆನ್ನಾಗಿಯೇ ಮಾತಾಡಿಸಿದರು, ಊಟದ ಬಗ್ಗೆ ಮಾತ್ರ. ನಿಮ್ಮಲ್ಲಿ ಅನ್ನ ಉಂಟಾ, ಮೀನು ಉಂಟಾ, ಖಾರ ಆಗ್ತದಾ. ಅಮ್ಮನೂ ಅಷ್ಟೇ. ಬಂದವಳಿಗೆ ಬಡಿಸಿದರು, ಸೀರೆ ಕೊಟ್ಟರು, ‘ಮಗಾ’ ಎಂದೂ ಕರೆದರು. ಆದರೆ ಮನೆಗೆ ಬಂದ ನೆಂಟರ ಜೊತೆ ಇರುವ ಹಾಗೆ ಒಂದು ಹುಷಾರು ಅವರ ಮಾತಿನಲ್ಲಿ ಇದ್ದೇ ಇತ್ತು. ಅದು ಇವಳಿಗೂ ಗೊತ್ತಾಗುತ್ತಿತ್ತು.

2022ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಮ್ಮ, ದೊಡ್ಡಪ್ಪ, ನಾವಿಬ್ಬರು ಕಾರಿನಲ್ಲಿ ಹೊರಟೆವು. ಧರ್ಮಸ್ಥಳ ಮುಗಿಸಿ ಮಧ್ಯಾಹ್ನ ಮೂಡುಬಿದಿರೆ. ಭೈರಾದೇವಿ ಮಂಟಪದ ಹತ್ತಿರ ನಾನು ನನ್ನ ಚೀನಾ ಪುರಾಣ ಶುರು ಮಾಡಿದೆ. ದೊಡ್ಡಪ್ಪ ಅರ್ಧಕ್ಕೇ ತಡೆದರು.

“ಅದು ಡ್ರ್ಯಾಗನ್ನೂ ಅಲ್ಲ ಗಿಗನ್ನೂ ಅಲ್ಲ ಮಾರಾಯ. ಯಾಳಿ ಅದು. ನಮ್ಮ ಬಸದಿಯಲ್ಲಿ ಚೀನಾದವರಿಗೆ ಎಂತ ಕೆಲಸ?”

ನಾವು ಜೈನರಲ್ಲ. ಆದರೂ ದೊಡ್ಡಪ್ಪನಿಗೆ ಅದು ‘ನಮ್ಮ ಬಸದಿ’. ಅಷ್ಟು ಧಾರಾಳವಾದ ‘ನಮ್ಮ’ ಎಂಬ ಮಾತು ಚೀನಾ ಎಂದ ಕೂಡಲೇ ಬಾಗಿಲು ಹಾಕಿಕೊಂಡಿತು. ಗಲ್ವಾನ್ ಆಗಿ ಎರಡು ವರ್ಷ ಕಳೆದಿತ್ತು, ಫ್ಯಾಮಿಲಿ ಗ್ರೂಪಿನಲ್ಲಿ ಚೀನಾದ ಸಾಮಾನು ಮುಟ್ಟಬೇಡಿ ಎಂಬ ಮೆಸೇಜು ಆಗಲೂ ತಿರುಗುತ್ತಿತ್ತು. ನಾನು, “ದೊಡ್ಡಪ್ಪ, ನೀವು ಯಾಳಿಯ ಕಾಲು ನೋಡಿದ್ದೀರಾ...” ಎಂದು ವಾದಕ್ಕೆ ಇಳಿಯುವಷ್ಟರಲ್ಲಿ ಇವಳು ಬಗ್ಗಿ ಕುಳಿತು ನೋಡುತ್ತಿದ್ದವಳು ತಲೆ ಎತ್ತಿದಳು.

“ಪಾಖಂಗ್ಬಾ ಹಾಗೇ ಇದೆ” ಎಂದಳು.

ಪಾಖಂಗ್ಬಾ ಮೈತೇಯಿ ಜನರ ದೇವರು, ಅವರ ಅರಸರ ಮೂಲಪುರುಷ. ರೂಪ ಹಾವಿನದ್ದು, ತಲೆಯ ಮೇಲೆ ಜಿಂಕೆಯ ಕೊಂಬು. ಸುರುಳಿ ಸುತ್ತಿ ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಅದರ ಚಿತ್ರ ಮಣಿಪುರದಲ್ಲಿ ಎಲ್ಲ ಕಡೆ ಕಾಣುತ್ತದೆ. ಇಂಫಾಲಿನ ಕಾಂಗ್ಲಾ ಕೋಟೆಯಲ್ಲಿ ಕಾಂಗ್ಲಾ ಶಾ ಎಂಬ ಎರಡು ಬಿಳಿಯ ಮೃಗಗಳಿವೆ, ಸಿಂಹದ ಹಾಗೆ ಕುಳಿತಿರುವ, ಕೊಂಬಿರುವ ಡ್ರ್ಯಾಗನ್ನುಗಳು. 1891ರ ಯುದ್ಧ ಗೆದ್ದ ಬ್ರಿಟಿಷರು ಅವನ್ನು ಒಡೆದು ಹಾಕಿದರು. 2007ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ಅವಳು ಆಗ ಶಾಲೆಗೆ ಹೋಗುವ ಹುಡುಗಿ, ಅಜ್ಜಿಯ ಕೈ ಹಿಡಿದುಕೊಂಡು ನೋಡಲು ಹೋಗಿದ್ದಳಂತೆ. ಅಜ್ಜಿ ಅತ್ತದ್ದು ಯಾಕೆಂದು ಆಗ ಅರ್ಥವಾಗಿರಲಿಲ್ಲ ಎಂದಳು.

ಇದನ್ನೆಲ್ಲ ಅವಳು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಹೇಳಿದಳು, ನಡುವೆ ನಾನು ಜೋಡಿಸಿಕೊಟ್ಟೆ. ದೊಡ್ಡಪ್ಪ ಸುಮ್ಮನಾದರು. ಅಮ್ಮ ಮಾತ್ರ ಹತ್ತಿರ ಬಂದು, ಆ ಕಲ್ಲನ್ನೂ ಇವಳ ಮುಖವನ್ನೂ ನೋಡಿ ಕೇಳಿದರು.

“ನಿಮ್ಮಲ್ಲಿಯೂ ನಾಗ ಉಂಟಾ ಮಗಾ?”

ತುಳುನಾಡಿನವರಿಗೆ ಗೊತ್ತಿರುತ್ತದೆ, ಇದು ಸಣ್ಣ ಪ್ರಶ್ನೆಯಲ್ಲ. ನಮ್ಮಲ್ಲಿ ಮನೆ ಮಾರಿದರೂ ನಾಗಬನ ಬಿಡುವುದಿಲ್ಲ. ಯಾರ ಮೂಲ ಎಲ್ಲಿ ಎಂದು ತಿಳಿಯಬೇಕಾದರೆ ಅವರ ನಾಗ ಎಲ್ಲಿ ಎಂದು ಕೇಳುತ್ತೇವೆ. ನಾಗ ಇದ್ದವರಿಗೆ ಊರು ಉಂಟು, ಹಿರಿಯರು ಉಂಟು. ಉಂಟು ಎಂದು ಇವಳು ಹೇಳಿದಳು. ಹೇಗೆ ಪೂಜೆ, ಎಂತ ಇಡುತ್ತೀರಿ, ಮೊಟ್ಟೆ ಇಡುತ್ತೀರಾ, ಹಾಲಾ, ಬನದ ಮರ ಕಡಿಯಬಹುದಾ ಎಂದು ಅಮ್ಮ ದಾರಿಯುದ್ದಕ್ಕೂ ಕೇಳುತ್ತಾ ಬಂದರು. ಮದುವೆಯಾಗಿ ಎರಡು ವರ್ಷದಲ್ಲಿ ಅವರಿಬ್ಬರು ಊಟ ಬಿಟ್ಟು ಬೇರೆ ವಿಷಯ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ನನ್ನ ಅನುವಾದ ವೇಣೂರು ದಾಟಿದ ಮೇಲೆ ಯಾರಿಗೂ ಬೇಡವಾಯಿತು.

ಮರುದಿನ ಬೆಳಿಗ್ಗೆ ಅಮ್ಮ ಅವಳನ್ನು ನಮ್ಮ ಬನಕ್ಕೆ ಕರೆದುಕೊಂಡು ಹೋದರು. ಸೀಯಾಳ, ಹಾಲು, ಅರಶಿನ, ಹಿಂಗಾರ. ನನ್ನನ್ನು ಕರೆಯಲಿಲ್ಲ.

ಇದನ್ನು ಓದಿ, ‘ನೋಡಿ ಎಲ್ಲ ಒಂದೇ’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪಾಖಂಗ್ಬಾ ನಮ್ಮ ನಾಗ ಅಲ್ಲ, ನಮ್ಮ ನಾಗ ವುದಾಂಗಿನ ಡ್ರ್ಯಾಗನ್ ಅಲ್ಲ. ಒಂದೊಂದಕ್ಕೂ ಅದರದ್ದೇ ಕಥೆ, ಅದರದ್ದೇ ಜನ. ಮೈತೇಯಿಗಳನ್ನು ಚೀನಾದವರು ಎನ್ನುವುದು ಹೇಗೆ ತಪ್ಪೋ, ಬಸದಿಯ ಡ್ರ್ಯಾಗನ್ನನ್ನು ಯಾಳಿ ಎಂದು ಹೆಸರು ಬದಲಾಯಿಸುವುದೂ ಹಾಗೆಯೇ ತಪ್ಪು. ಬೇರೆ ಕಡೆಯಿಂದ ಬಂದದ್ದು ಬೇರೆ ಕಡೆಯದ್ದಾಗಿಯೇ ಉಳಿದು ಇಲ್ಲಿಯದ್ದೂ ಆಗಬಹುದು. ಆ ಕಲ್ಲು ಆರುನೂರು ವರ್ಷದಿಂದ ಹೇಳುತ್ತಿರುವುದು ಅಷ್ಟೇ. ಕೆತ್ತಿದವನೂ ಅದನ್ನು ಮುಚ್ಚಿಡಲಿಲ್ಲ, ದುಡ್ಡು ಕೊಟ್ಟವರೂ ಬೇಡ ಎನ್ನಲಿಲ್ಲ. ತೀರ್ಥಂಕರನ ಎದುರಿಗೇ, ಆನೆ ಕುದುರೆಗಳ ಪಕ್ಕದಲ್ಲಿ ಜಾಗ ಕೊಟ್ಟರು.

ಹಾಗೆ ಜಾಗ ಕೊಡುವುದು ಆ ಊರಿನ ಗುಣವೇ ಇರಬೇ‌ಕು. ಹಳೆ ಬಸದಿಯ ಕಥೆ ಕೇಳಿ. ದಿಗಂಬರ ಜೈನರ ಅತಿ ಪ್ರಾಚೀನ ಆಗಮ ಷಟ್ಖಂಡಾಗಮದ ಬೋಧೆ ಶುರುವಾದದ್ದು ಗುಜರಾತಿನ ಗಿರ್ನಾರಿನಲ್ಲಿ ಎನ್ನುತ್ತಾರೆ. ಅದಕ್ಕೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ‘ಧವಲಾ’ ಎಂಬ ದೊಡ್ಡ ವ್ಯಾಖ್ಯಾನ ಬರೆದರು. ಭಾಷೆ ಪ್ರಾಕೃತ, ಸಂಸ್ಕೃತ. ಅದರ ತಾಳೆಗರಿಗಳು, ಅದೂ ಹಳಗನ್ನಡ ಲಿಪಿಯಲ್ಲಿ, ಉಳಿದು ಬಂದದ್ದು ಮೂಡುಬಿದಿರೆಯ ಹಳೆ ಬಸದಿಯಲ್ಲಿ. ಶತಮಾನಗಳ ಕಾಲ ಅದು ಓದುವ ಪುಸ್ತಕವಾಗಿರಲಿಲ್ಲ, ದರ್ಶನ ಮಾಡುವ ದೇವರಾಗಿತ್ತು. ಕೊನೆಗೆ ನಕಲು ಇಳಿಸಿಕೊಂಡು, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಅಚ್ಚಾಗತೊಡಗಿ 16 ಸಂಪುಟಗಳಾದವು. ಎಲ್ಲಿಯದ್ದೋ ಉಪದೇಶ, ಯಾವುದೋ ಭಾಷೆ, ನಮ್ಮ ಅಕ್ಷರ. ಯಾರದ್ದೆಂದು ಕೇಳುತ್ತಾ ಕುಳಿತಿದ್ದರೆ ಗೆದ್ದಲಿಗೆ ಹೋಗುತ್ತಿತ್ತು. ಇಟ್ಟುಕೊಂಡರು, ಹಾಗಾಗಿ ಉಳಿಯಿತು.

ದೊಡ್ಡಪ್ಪ ಇನ್ನೂ ಅದನ್ನು ಯಾಳಿ ಎಂದೇ ಹೇಳುತ್ತಾರೆ. ಹೋದ ವರ್ಷ ನೆಂಟರ ಮದುವೆಯಲ್ಲಿ ಮಾತ್ರ ಸ್ವಲ್ಪ ತಿದ್ದಿಕೊಂಡ ಹಾಗೆ ಕಂಡಿತು. ಯಾರಿಗೋ ಇವಳ ಪರಿಚಯ ಹೇಳುತ್ತಾ, “ಇವರ ಕಡೆಯ ದೇವರು ನಮ್ಮ ಹೊಸ ಬಸದಿಯಲ್ಲಿ ಉಂಟು” ಎಂದರು. ಚರಿತ್ರೆಯ ಪ್ರಕಾರ ಇದು ಪೂರ್ತಿ ತಪ್ಪು. ನಾನು ತಿದ್ದಲು ಹೋಗಲಿಲ್ಲ.

ಬೆಂಗಳೂರಿನಲ್ಲಿ ಮಾತ್ರ ಏನೂ ಬದಲಾಗಿಲ್ಲ. ಈಗಲೂ ಕೇಳುವವರು ಕೇಳುತ್ತಾರೆ. ಮೊನ್ನೆ ನಮ್ಮ ಮನೆಯ ಹತ್ತಿರದ ಹೊಸ ಬೇಕರಿಯಲ್ಲಿ ಕಾಫಿ ಕೊಡುತ್ತಾ ಗಲ್ಲೆಯಲ್ಲಿದ್ದವರು ಕೇಳಿದರಂತೆ, “ಮೇಡಂ, ಚೀನಾನಾ, ನೇಪಾಳಾನಾ?” ಇವಳು ತನ್ನ ಹೊಸ ಕನ್ನಡದಲ್ಲಿ, “ಇಲ್ಲ ಅಣ್ಣ, ಬೆಳ್ತಂಗಡಿ” ಎಂದಿದ್ದಾಳೆ.

ಆತ ಕಾಫಿ ಲೋಟ ಅಲ್ಲೇ ಇಟ್ಟು, “ಹೌದಾ! ನಾವು ವೇಣೂರಿನವರು. ಬೆಳ್ತಂಗಡಿಯಲ್ಲಿ ಎಲ್ಲಿ? ಯಾರ ಮನೆ?” ಎಂದು ಶುರು ಮಾಡಿದನಂತೆ. ಕಾಫಿ ತಣ್ಣಗಾಯಿತು ಎಂದು ಮನೆಗೆ ಬಂದು ಬೈದಳು.